ಹೇಡಿಸ್ ವಿಲನ್ನಾ, ಹೀರೋನಾ? ಆ ಕಥೇಲಿ ಅಮ್ಮ ಎಲ್ಲಿ ಹೋದ್ಲು?

ಓದುಗರ ಪ್ರಶ್ನೆ: ನಮ್ಮನೇಲಿ ಮೂರು ಥರದ ಹೇಡಿಸ್ ಇದ್ದಾನೆ ಮೇಡಂ. ನಮ್ಮನೆಯವರು ಹುಡುಗರಾಗಿದ್ದಾಗ ನೋಡಿದ ಡಿಸ್ನಿ 'ಹರ್ಕ್ಯುಲಿಸ್' ಕಾರ್ಟೂನ್ ಸಿನಿಮಾದಲ್ಲಿ ತಲೆ ತುಂಬ ನೀಲಿ ಬೆಂಕಿ ಇರೋ ವಿಲನ್. ಮಗ ಆಡೋ 'ಹೇಡಿಸ್' ಗೇಮಲ್ಲಿ ಸದಾ ಸಿಡುಕೋ ಅಪ್ಪ. 14 ವರ್ಷದ ಮಗಳು ಫೋನಲ್ಲಿ ಓದೋ ಕಾಮಿಕ್ಸಲ್ಲಿ ಪರ್ಸೆಫನಿಗೋಸ್ಕರ ಪ್ರಾಣ ಬಿಡೋ ಹೀರೋ. ಒರಿಜಿನಲ್ ಕಥೇಲಿ ಪರ್ಸೆಫನಿ ತಾನೇ ಇಷ್ಟಪಟ್ಟು ಹೋದ್ಲು, ಕಿಡ್ನ್ಯಾಪ್ ಅನ್ನೋದೆಲ್ಲ ಆಮೇಲೆ ಸೇರಿಸಿದ್ದು ಅಂತ ಮಗಳು ವಾದ ಮಾಡ್ತಾಳೆ. ನಿಜಾನಾ? ಇವನು ನಮ್ಮ ಯಮನೇ ಅಲ್ವಾ? ಇದ್ರಲ್ಲಿ ನಿಜವಾದ ಹೇಡಿಸ್ ಯಾವನು?

ಉತ್ತರ: ಮಗಳ ಮಾತಿಂದಾನೇ ಶುರು ಮಾಡ್ತೀನಿ, ಉಳಿದ ಪ್ರಶ್ನೆಗಳೆಲ್ಲ ಅದರ ಬೆನ್ನಿಗೇ ಬರ್ತವೆ. ಹೇಡಿಸ್ ಅಂದ್ರೆ ಗ್ರೀಕ್ ಪುರಾಣದಲ್ಲಿ ಸತ್ತವರ ಲೋಕದ ದೊರೆ, ಪರ್ಸೆಫನಿ ಅವನ ಹೆಂಡತಿ, ಡಿಮೀಟರ್ ದೇವಿಯ ಮಗಳು. ಪರ್ಸೆಫನಿ ಇಷ್ಟಪಟ್ಟು ಹೋದ್ಲು ಅಂತ ಹೇಳೋ ಹಳೇ ಗ್ರೀಕ್ ಪಠ್ಯ ನಮಗೆ ಸಿಕ್ಕಿರೋದ್ರಲ್ಲಿ ಒಂದೂ ಇಲ್ಲ. ಕ್ರಿ.ಪೂ. 700ರ ಆಸುಪಾಸಿನ ಕವಿ ಹೆಸಿಯಡ್ ಈ ಕಥೇನ ಮೂರೇ ಸಾಲಲ್ಲಿ ಮುಗಿಸ್ತಾನೆ, ಅಷ್ಟರಲ್ಲೂ ಅವನು ಹೇಳೋದು ಹೇಡಿಸ್ ಅವಳನ್ನ ತಾಯಿ ಹತ್ರದಿಂದ ಕಿತ್ಕೊಂಡ್ಹೋದ, ಅವಳಪ್ಪ, ದೇವರುಗಳ ರಾಜ ಝೂಸ್ ಕೊಟ್ಟ, ಅಂತಾನೇ. ಇಷ್ಟಪಟ್ಟು ಹೋದ್ಲು ಅನ್ನೋ ಮಾತಿಗೆ ಬಲ ಬಂದಿದ್ದು ತೀರಾ ಇತ್ತೀಚೆಗೆ. 1978ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಸ್ತಕದಲ್ಲಿ ಲೇಖಕಿ, ಗ್ರೀಕರಿಗೂ ಮುಂಚೆ ಈ ಕಥೆ ಹೀಗಿದ್ದಿರಬಹುದು ಅಂತ ಹೊಸದಾಗಿ ಕಟ್ಟಿ ಬರೆದ್ರು, ಅದ್ರಲ್ಲಿ ಹುಡುಗಿ ಸತ್ತವರ ಮೇಲಿನ ಕನಿಕರದಿಂದ ತಾನಾಗೇ ಕೆಳಗಿಳೀತಾಳೆ, ಹೊತ್ಕೊಂಡು ಹೋಗೋನು ಅಂತ ಯಾರೂ ಇಲ್ಲ. ಅದು ಬಾಯಿಂದ ಬಾಯಿಗೆ, ಆಮೇಲೆ ಸ್ಕ್ರೀನಿಂದ ಸ್ಕ್ರೀನಿಗೆ ಹೋಗಿ ಈಗ 'ಒರಿಜಿನಲ್' ಅನ್ನೋ ಹಣೆಪಟ್ಟಿ ಹಚ್ಕೊಂಡಿದೆ. ಮಗಳದ್ದು ತಪ್ಪಿಲ್ಲ, ಅವಳು ಓದಿದ್ ಕಡೆ ಹಂಗೇ ಬರೆದಿರ್ತಾರೆ.

ಪೂರ್ತಿ ಕಥೆ ಬೇಕು ಅಂದ್ರೆ ಡಿಮೀಟರ್ ಸ್ತೋತ್ರಕ್ಕೇ ಹೋಗ್ಬೇಕು. ಹೋಮರನ ಹೆಸರಲ್ಲಿ ಬಂದಿರೋ ಸ್ತೋತ್ರಗಳಲ್ಲಿ ಒಂದು, ಬರೆದೋರು ಯಾರೋ, ಕಾಲ ಸುಮಾರಾಗಿ ಕ್ರಿ.ಪೂ. 7-6ನೇ ಶತಮಾನ, ಒಟ್ಟು 495 ಸಾಲು. ಇಡೀ ಪದ್ಯ ಉಳಿದಿರೋದು ಒಂದೇ ಒಂದು ಹಸ್ತಪ್ರತಿಯಲ್ಲಿ, ಅದು 1777ರಲ್ಲಿ ಮಾಸ್ಕೋದಲ್ಲಿ ಸಿಕ್ತು, ಈಗ ಹಾಲೆಂಡಿನ ಲೈಡನ್ ಊರಿನ ಲೈಬ್ರರಿಯಲ್ಲಿದೆ. ಅದೊಂದು ಕಳೆದುಹೋಗಿದ್ರೆ ನಾನಿವತ್ತು ನಿಮಗೆ ಹೇಳಕ್ಕೆ ಹೊರಟಿರೋದ್ರಲ್ಲಿ ಮುಕ್ಕಾಲು ಪಾಲು ಯಾರಿಗೂ ಗೊತ್ತೇ ಇರ್ತಿರಲಿಲ್ಲ.

ಸ್ತೋತ್ರದಲ್ಲಿ ಆಗೋದು ಇಷ್ಟು. ಹುಡುಗಿ ಗೆಳತಿಯರ ಜೊತೆ ಬಯಲಲ್ಲಿ ಹೂ ಕೀಳ್ತಿದ್ದಾಳೆ, ಗುಲಾಬಿ, ಕೇಸರಿ ಹೂ, ಐರಿಸ್, ಹಯಸಿಂತ್. ಅಲ್ಲೊಂದು ನಾರ್ಸಿಸಸ್ ಗಿಡ, ಒಂದೇ ಬೇರಿಂದ ನೂರು ಹೂ. ಅದನ್ನ ಭೂಮಿತಾಯಿ ಬೆಳೆಸಿದ್ದೇ ಬಲೆ ಥರ, ಝೂಸ್ ಹೇಳಿದ್ದಕ್ಕೆ, ಹೇಡಿಸ್‌ಗೆ ಒತ್ತಾಸೆಯಾಗಿ. ಅವಳು ಎರಡೂ ಕೈ ಚಾಚಿದ ತಕ್ಷಣ ನೆಲ ಬಾಯಿ ಬಿಡ್ತದೆ, ಚಿನ್ನದ ರಥ ಎದ್ದು ಬರ್ತದೆ, ಅವಳು ಕಿರುಚ್ತಾಳೆ, ಅಪ್ಪಾ ಅಂತ ಕೂಗ್ತಾಳೆ. ಅಪ್ಪ ದೂರದಲ್ಲಿ ಯಾವುದೋ ಗುಡೀಲಿ ಕೂತು ಜನ ಕೊಟ್ಟ ನೈವೇದ್ಯ ತಗೋತಿದ್ದ ಅಂತಾನೆ ಕವಿ. ಆ ಒಂದು ಸಾಲು ಸಾಕು ನನಗೆ, ಕವಿ ಯಾರ ಪರ ನಿಂತಿದ್ದಾನೆ ಅಂತ ಗೊತ್ತಾಗಕ್ಕೆ. ಕೂಗು ಕೇಳಿಸ್ಕೊಂಡೋರು ಇಬ್ಬರೇ, ಗುಹೇಲಿದ್ದ ಹೆಕಟಿ ದೇವಿ, ಮೇಲಿದ್ದ ಸೂರ್ಯ ಹೀಲಿಯಸ್. ಕೊನೇಗೆ ತಾಯಿ.

ಆಮೇಲೆ ಕಥೆ ಹೇಡಿಸ್‌ನ ಬಿಟ್ಟು ತಾಯಿ ಹಿಂದೆ ಹೋಗ್ತದೆ, ಇದನ್ನ ಗಮನಿಸ್ಬೇಕು ನೀವು. ಡಿಮೀಟರ್ ಅಂದ್ರೆ ಧಾನ್ಯದ ದೇವಿ, ಅವಳು ಎರಡು ಕೈಲೂ ಪಂಜು ಹಿಡ್ಕೊಂಡು ಒಂಬತ್ತು ದಿನ ಅಲೀತಾಳೆ, ಊಟ ಇಲ್ಲ, ಸ್ನಾನ ಇಲ್ಲ. ಹೀಲಿಯಸ್ ನಿಜ ಹೇಳ್ತಾನೆ, ಹೇಳಿ ಒಂದು ಸಮಾಧಾನಾನೂ ಸೇರಿಸ್ತಾನೆ: ಅಳಿಯ ಅಂತ ನೋಡಿದ್ರೆ ಹೇಡಿಸ್ ಏನು ಕಮ್ಮಿ ಅಲ್ಲ, ನಿನ್ನ ಒಡಹುಟ್ಟಿದೋನೇ, ದೊಡ್ಡ ಯಜಮಾನ. ಇಲ್ಲಿ ಒಂದು ಮಾತು. ಹೇಡಿಸ್ ಆ ಹುಡುಗಿಗೆ ಸೋದರಮಾವಾನೂ ಹೌದು, ಝೂಸ್ ಕಡೆಯಿಂದ ದೊಡ್ಡಪ್ಪಾನೂ ಹೌದು, ಯಾಕಂದ್ರೆ ಝೂಸ್, ಹೇಡಿಸ್, ಡಿಮೀಟರ್ ಮೂರೂ ಜನ ಒಡಹುಟ್ಟಿದವರೇ. ಇಂಗ್ಲಿಷ್ ಓದುಗರು ಇಲ್ಲಿಗೆ ಬಂದಾಗ ಈ ಸಂಬಂಧಕ್ಕೇ ಮುಖ ಸಿಂಡರಿಸ್ತಾರೆ. ನಮಗೆ ಸೋದರಮಾವನಿಗೆ ಕೊಡೋ ಮನೆಗಳು ಗೊತ್ತು, ಹಾಗಾಗಿ ನಾವು ಸಂಬಂಧದ ಹೆಸರಲ್ಲಿ ಸಿಕ್ಕಾಕೊಳ್ಳದೆ ನಿಜವಾದ ಗಾಯ ಎಲ್ಲಿದೆ ಅಂತ ಬೇಗ ನೋಡಬಹುದು. ಗಾಯ ಇರೋದು ಹುಡುಗಿನ ಕೇಳಲಿಲ್ಲ, ತಾಯಿಗೆ ಹೇಳಲೂ ಇಲ್ಲ, ಅಪ್ಪ ಮಾವ ಇಬ್ಬರೇ ಕೂತು ಮಾತು ಮುಗಿಸಿದ್ರು ಅನ್ನೋದ್ರಲ್ಲಿ.

ಡಿಮೀಟರ್ ದೇವತೆಗಳ ಸಹವಾಸಾನೇ ಬಿಟ್ಟು ಮುದುಕಿ ವೇಷದಲ್ಲಿ ಎಲ್ಯೂಸಿಸ್ ಅನ್ನೋ ಊರಿಗೆ ಬಂದು ಬಾವಿಕಟ್ಟೆ ಹತ್ರ ಕೂರ್ತಾಳೆ. ನೀರಿಗೆ ಬಂದ ರಾಜನ ಹೆಣ್ಣುಮಕ್ಕಳು ಮನೆಗೆ ಕರ್ಕೊಂಡ್ಹೋಗ್ತಾರೆ. ಅಲ್ಲಿ ಐಯಾಂಬೆ ಅನ್ನೋ ಹೆಂಗಸು ಪೋಲಿ ತಮಾಷೆ ಮಾಡಿ ಅವಳನ್ನ ನಗಿಸ್ತಾಳೆ, ವೈನ್ ಬೇಡ ಅಂದೋಳು ಜವೆಗೋಧಿ ನೀರಿಗೆ ಪುದೀನ ಥರದ ಸೊಪ್ಪು ಹಾಕಿದ ಪಾನಕ ಕುಡೀತಾಳೆ. ಆ ಮನೆ ಮಗು ಡೆಮೊಫೋನ್‌ನ ಸಾಕಕ್ಕೆ ಶುರು ಮಾಡ್ತಾಳೆ, ಸಾವಿಲ್ಲದೋನಾಗಲಿ ಅಂತ ದಿನಾ ರಾತ್ರಿ ಬೆಂಕೀಲಿ ಇಡ್ತಾಳೆ, ಒಂದಿನ ಮಗುವಿನ ತಾಯಿ ನೋಡಿ ಚೀರ್ತಾಳೆ, ಅಲ್ಲಿಗೆ ಅದೂ ಕೆಟ್ಟುಹೋಗ್ತದೆ. ಮಗಳನ್ನ ಸಾವಿನ ಮನೆಗೆ ಕಳ್ಕೊಂಡ ತಾಯಿ ಬೇರೆಯವರ ಮಗುವನ್ನಾದ್ರೂ ಸಾವಿಂದ ತಪ್ಪಿಸಕ್ಕೆ ನೋಡಿದ್ಲು, ಅದೂ ಕೈಗೂಡಲಿಲ್ಲ. ಇಷ್ಟು ವರ್ಷ ಪಾಠ ಮಾಡಿದ್ದೀನಿ, ಈ ಭಾಗ ಓದೋವಾಗ ಇವತ್ತಿಗೂ ಗಂಟಲು ಕಟ್ತದೆ.

ಕೊನೇಗೆ ಅವಳು ತನಗೆ ಕಟ್ಟಿಸಿದ ಗುಡೀಲಿ ಬಾಗಿಲು ಹಾಕ್ಕೊಂಡು ಕೂತ್ಬಿಡ್ತಾಳೆ, ಒಂದು ವರ್ಷ ಭೂಮೀಲಿ ಒಂದು ಕಾಳು ಮೊಳಕೆ ಒಡೆಯಲ್ಲ. ಜನ ಸತ್ತರೆ ದೇವರಿಗೆ ಕೊಡೋರ್ಯಾರು? ಝೂಸ್ ಒಬ್ಬೊಬ್ಬರಾಗಿ ಎಲ್ಲಾ ದೇವರನ್ನೂ ಕಳಿಸ್ತಾನೆ, ಕಾಣಿಕೆ ಕಳಿಸ್ತಾನೆ, ಅವಳು ಜಗ್ಗಲ್ಲ. ಮಗಳನ್ನ ಕಣ್ಣಾರೆ ನೋಡೋವರೆಗೂ ಆಗಲ್ಲ ಅಂದ್ರೆ ಆಗಲ್ಲ. ಇಡೀ ಗ್ರೀಕ್ ಪುರಾಣದಲ್ಲಿ ಝೂಸ್ ತೀರ್ಮಾನ ಮಾಡಿದ್ದನ್ನ ಒಬ್ಬ ದೇವತೆ ಹೀಗೆ ನೇರವಾಗಿ ನಿಂತು ವಾಪಸ್ ತಗೊಳ್ಳೋ ಹಾಗೆ ಮಾಡಿದ್ದು ಬಹಳ ಕಮ್ಮಿ.

ಈಗ ದಾಳಿಂಬೆ ವಿಷಯ, ಯಾಕಂದ್ರೆ ಪ್ರೇಮಕಥೆ ಮಾಡೋರೆಲ್ಲ 'ಅವಳು ಬೇಕು ಅಂತಾನೇ ತಿಂದ್ಲು' ಅಂತಾರೆ. ಸ್ತೋತ್ರದಲ್ಲಿ ಇದು ಎರಡು ಸಲ ಬರ್ತದೆ. ಮೊದಲ ಸಲ ಕವಿಯೇ ಹೇಳ್ತಾನೆ, ಝೂಸ್ ಮಣಿದು ಕಳಿಸಿದ ದೂತ ಹರ್ಮಿಸ್ ಅವಳನ್ನ ಕರೆಯಕ್ಕೆ ಬಂದಾಗ ಹೇಡಿಸ್ ಗುಟ್ಟಾಗಿ ಒಂದು ಕಾಳು ತಿನ್ನಿಸಿದ, ಅವಳು ಪೂರ್ತಿಯಾಗಿ ಅಮ್ಮನ ಹತ್ರಾನೇ ಉಳಿದುಬಿಡಬಾರದು ಅಂತ, ಕೆಳಗೆ ಏನಾದ್ರೂ ತಿಂದಿದ್ರೆ ಅವಳು ಮತ್ತೆ ಅಲ್ಲಿಗೇ ಹೋಗ್ಬೇಕು. ಎರಡನೇ ಸಲ ಮಗಳು ಅಮ್ಮನಿಗೆ ಹೇಳ್ತಾಳೆ, ನಂಗೆ ಇಷ್ಟ ಇರಲಿಲ್ಲ, ಬಲವಂತ ಮಾಡಿದ ಅಂತ. ಕವಿ ಗುಟ್ಟು ಅಂತಾನೆ, ಮಗಳು ಬಲವಂತ ಅಂತಾಳೆ. ಈ ವ್ಯತ್ಯಾಸದ ಮೇಲೆ ವಿದ್ವಾಂಸರು ತುಂಬ ಬರೆದಿದ್ದಾರೆ, ಮಗಳು ಅಮ್ಮನ ಮುಂದೆ ಸ್ವಲ್ಪ ಬೇರೆ ಥರ ಹೇಳ್ತಿದ್ದಾಳಾ, ಅಥವಾ ಕವಿಗೆ ಕಾಣದ್ದು ಅವಳಿಗೆ ಗೊತ್ತಾ ಅಂತ. ಹೊಸದಾಗಿ ಕಥೆ ಬರೆಯೋರಿಗೆ ಇಲ್ಲಿ ನಿಜವಾದ ಜಾಗ ಇದೆ, ಒಪ್ತೀನಿ. ಆದ್ರೆ 'ಇಷ್ಟಪಟ್ಟು ತಿಂದ್ಲು' ಅನ್ನೋದು ಎರಡರಲ್ಲೂ ಇಲ್ಲ. ವರ್ಷದ ಮೂರನೇ ಒಂದು ಭಾಗ ಕೆಳಗೆ, ಎರಡು ಭಾಗ ಮೇಲೆ ಅನ್ನೋದು ಸ್ತೋತ್ರದ ಲೆಕ್ಕ. ಅರ್ಧರ್ಧ ಅನ್ನೋದು ರೋಮನ್ ಕವಿ ಓವಿಡ್ ಕಾಲಕ್ಕೆ ಬಂದಿದ್ದು, ಅವನ ಕಾವ್ಯದಲ್ಲಿ ಈ ಕಥೆ ನಡೆಯೋದು ಸಿಸಿಲಿ ದ್ವೀಪದ ಎನ್ನಾ ಹತ್ರದ ಕೆರೆ ದಂಡೇಲಿ.

ಇನ್ನೊಂದು. ಅವಳು ಕೆಳಗಿದ್ರೆ ಚಳಿಗಾಲ, ಎಲ್ಲಾ ಬರಡು ಅಂತ ಎಲ್ಲರೂ ಬರೀತಾರಲ್ಲ, ಅದನ್ನ ಗ್ರೀಸ್ ಹೊಲಕ್ಕೆ ಹಾಕಿ ನೋಡಿದ್ರೆ ಅಷ್ಟು ಸಲೀಸಾಗಿ ಕೂರಲ್ಲ. ಅಲ್ಲಿ ಗೋಧಿ, ಜವೆಗೋಧಿ ಬಿತ್ತೋದು ಅಕ್ಟೋಬರ್-ನವೆಂಬರಲ್ಲಿ, ಕೊಯ್ಯೋದು ಮೇ-ಜೂನಲ್ಲಿ, ನಮ್ಮ ಹಿಂಗಾರು ಬೆಳೆ ಥರ. ಚಳಿಗಾಲದಲ್ಲಿ ಹೊಲ ಹಸಿರಾಗಿರ್ತದೆ, ಸುಟ್ಟು ಬೂದಿ ಬಣ್ಣಕ್ಕೆ ತಿರುಗೋದು ಬೇಸಿಗೇಲಿ. ಅದಕ್ಕೇ ಕೆಲವರು, ಹುಡುಗಿ ಕೆಳಗಿರೋ ಕಾಲ ಅಂದ್ರೆ ಕಾಳನ್ನ ನೆಲದಡಿ ಕಣಜದಲ್ಲಿ ಮುಚ್ಚಿಡೋ ಕಾಲ ಅಂತ ವಾದ ಮಾಡಿದ್ರು. ಸ್ತೋತ್ರ ಮಾತ್ರ ವಸಂತದ ಹೂ ಅರಳಿದಾಗ ಅವಳು ಬರ್ತಾಳೆ ಅನ್ನುತ್ತೆ, ಹಾಗಾಗಿ ವಾದ ಪೂರ್ತಿ ಗೆಲ್ಲಲ್ಲ. ಹಿಮ ಬಿದ್ದು ಬಿಳಿಯಾದ ಬಯಲಂತೂ ಉತ್ತರ ಯುರೋಪಿನವರು ತಮ್ಮ ಊರಿಂದ ತಂದು ಸೇರಿಸಿದ್ದು.

ಇದೆಲ್ಲ ಗ್ರೀಕರಿಗೆ ಬರೀ ದೇವರ ಕಥೆ ಆಗಿರಲಿಲ್ಲ. ಹುಡುಗೀರಿಗೆ ಹದಿನಾಲ್ಕು-ಹದಿನೈದಕ್ಕೆ ಮದುವೆ ಮಾಡಿ ಗುರುತಿಲ್ಲದ ಮನೆಗೆ ಕಳಿಸೋ ಸಮಾಜ ಅದು, ನಿಮ್ಮ ಮಗಳ ವಯಸ್ಸೇ. ಮದುವೆಗೆ ಮುಂಚೆ ಸತ್ತ ಹುಡುಗೀನ ಹೇಡಿಸ್‌ನ ಮದುಮಗಳು ಅಂತಿದ್ರು. ಅಥೆನ್ಸ್ ಮ್ಯೂಸಿಯಮ್ಮಲ್ಲಿ ಫ್ರಾಸಿಕ್ಲಿಯಾ ಅನ್ನೋ ಹುಡುಗಿಯ ಅಮೃತಶಿಲೆ ಪ್ರತಿಮೆ ಇದೆ, ಕ್ರಿ.ಪೂ. 550-540ರ ಆಸುಪಾಸಿನದ್ದು, ಅಥೆನ್ಸ್ ಹತ್ರದ ಮೆರೆಂಡಾದಲ್ಲಿ 1972ರಲ್ಲಿ ನೆಲದಡಿ ಸಿಕ್ಕಿದ್ದು, ತಲೇಲಿ ಹೂವಿನ ಕಿರೀಟ, ಕೈಲಿ ಒಂದು ಮೊಗ್ಗು. ಅದರ ಪೀಠದ ಮೇಲೆ ಬರೆದಿರೋದು: ನಾನು ಎಂದೆಂದಿಗೂ ಕನ್ಯೆ ಅಂತಲೇ ಕರೆಸ್ಕೋತೀನಿ, ಮದುವೆ ಬದಲು ದೇವರುಗಳು ನನಗೆ ಈ ಹೆಸರು ಕೊಟ್ರು. ಕನ್ಯೆ ಅನ್ನಕ್ಕೆ ಅಲ್ಲಿರೋ ಪದ ಕೋರೆ, ಪರ್ಸೆಫನಿಗೂ ಗ್ರೀಕರು ಇದೇ ಹೆಸರಿಂದ ಕರೀತಿದ್ರು. ಲಂಕೇಶರ ಕನ್ನಡದಲ್ಲಿ ಅಂತಿಗೊನೆ ನಾಟಕ ಓದಿದೋರಿಗೆ ಆ ಹುಡುಗಿ ಗೋರಿಯನ್ನೇ ಮದುವೆ ಕೋಣೆ ಅನ್ನೋದು ನೆನಪಿರಬಹುದು, ಅದೂ ಇದೇ ನಂಬಿಕೆಯಿಂದ ಹುಟ್ಟಿದ ಮಾತು.

ಸರಿ, ಹಂಗಾದ್ರೆ ಹೇಡಿಸ್ ವಿಲನ್ನೇ ಅಲ್ವಾ ಅಂತೀರಿ. ಅಲ್ಲ. ಈ ಕಥೇಲಿ ಅವನು ಮಾಡಿದ್ದು ತಪ್ಪು, ಆದ್ರೆ ಗ್ರೀಕರ ಕಣ್ಣಲ್ಲಿ ಅವನು ಕೆಟ್ಟತನದ ದೇವರು ಆಗಿರಲಿಲ್ಲ, ಸೈತಾನ್ ಥರ ಒಳ್ಳೇದಕ್ಕೆ ಎದುರಾಳೀನೂ ಅಲ್ಲ. ಇಲಿಯಡ್ ಕಾವ್ಯದಲ್ಲಿ ಪೊಸೈಡನ್ ಒಂದು ಕಡೆ ಹೇಳ್ತಾನೆ: ನಾವು ಮೂವರು ಅಣ್ಣತಮ್ಮಂದಿರು ಚೀಟಿ ಎತ್ತಿದ್ವಿ, ನಂಗೆ ಸಮುದ್ರ ಬಂತು, ಹೇಡಿಸ್‌ಗೆ ಕತ್ತಲು, ಝೂಸ್‌ಗೆ ಆಕಾಶ, ಭೂಮಿ ಮೂವರಿಗೂ ಸೇರಿದ್ದು. ಆಸ್ತಿ ಪಾಲು ಅಷ್ಟೇ ಇದು. ಪಾಲಿಗೆ ಬಂದ ಜಾಗ ಬಿಟ್ಟು ಅವನು ಹೊರಗೆ ಬರೋದೇ ಅಪರೂಪ, ಬೇರೆಯವರ ಪಾಲಿಗೆ ಕೈ ಹಾಕೋದಂತೂ ಇಲ್ಲ. ಅದೇ ಇಲಿಯಡ್‌ನಲ್ಲಿ ಪೊಸೈಡನ್ ನೆಲ ನಡುಗಿಸಿದಾಗ ಹೇಡಿಸ್ ಸಿಂಹಾಸನದಿಂದ ಗಾಬರಿಯಾಗಿ ಎದ್ದು ಕಿರುಚ್ತಾನೆ, ನೆಲ ಬಿರಿದು ತನ್ನ ಮನೆ ಎಲ್ಲರ ಕಣ್ಣಿಗೆ ಬಿದ್ದುಬಿಡ್ತದೆ ಅಂತ. ಮನುಷ್ಯರಿಗೆ ಎಲ್ಲಾ ದೇವರಿಗಿಂತ ಅವನ ಮೇಲೇ ಹೆಚ್ಚು ದ್ವೇಷ ಅಂತ ಅದೇ ಕಾವ್ಯದ ಗ್ರೀಕ್ ಸೇನಾಪತಿ ಅಗಮೆಮ್ನಾನ್ ಹೇಳ್ತಾನೆ, ಕಾರಣಾನೂ ಹೇಳ್ತಾನೆ: ಎಷ್ಟು ಬೇಡಿದ್ರೂ ಕರಗಲ್ಲ, ಮಣಿಯಲ್ಲ. ಅಷ್ಟೇ ಅವನ ಮೇಲಿನ ದೂರು.

ಯಮನ ಪ್ರಶ್ನೆಗೆ ಬಂದ್ರೆ, ಮೇಲ್ನೋಟಕ್ಕೆ ಹೌದು ಅನ್ಸತ್ತೆ, ಒಳಗೆ ಹೋದ್ರೆ ದಾರಿ ಬೇರೆ ಬೇರೆ. ಋಗ್ವೇದದ ಯಮ ಸತ್ತವರಲ್ಲಿ ಮೊದಲನೆಯವನು, ಉಳಿದವರಿಗೆ ದಾರಿ ತೋರಿಸ್ದೋನು. ಹೇಡಿಸ್ ಸತ್ತೋನಲ್ಲ, ಅವನಿಗೆ ಸಾವೇ ಇಲ್ಲ. ನಮ್ಮ ಯಮಧರ್ಮರಾಯ ಪಾಶ ಹಾಕಿ ಎಳೀತಾನೆ, ಚಿತ್ರಗುಪ್ತನ ಕಡತ ತೆಗೆಸಿ ಲೆಕ್ಕ ನೋಡ್ತಾನೆ. ಹೇಡಿಸ್ ಯಾರನ್ನೂ ಸಾಯಿಸಕ್ಕೆ ಬರಲ್ಲ, ಸಾವಿಗೆ ಥಾನಟಸ್ ಅಂತ ಬೇರೆ ದೇವರಿದ್ದಾನೆ, ನಿದ್ದೆ ದೇವರೂ ಅವನೂ ಅವಳಿಗಳು. ದಾರಿ ತೋರಿಸಕ್ಕೆ ಹರ್ಮಿಸ್. ತೀರ್ಪು ಕೊಡಕ್ಕೆ ಮಿನೋಸ್, ರಾಡಮಾಂಥಸ್, ಐಯಕಸ್. ನಾಟಕಕಾರ ಈಸ್ಕಿಲಸ್ ಒಂದೆರಡು ಕಡೆ ಹೇಡಿಸ್ ಮನುಷ್ಯರ ಲೆಕ್ಕ ಕೇಳ್ತಾನೆ ಅಂತಾನೆ ನಿಜ, ಆದ್ರೆ ಅದು ಹೆಚ್ಚು ಕಡೆ ಕಾಣಲ್ಲ. ಇನ್ನು ಕಠೋಪನಿಷತ್ತಲ್ಲಿ ನಚಿಕೇತನ ಎದುರು ಕೂತು ಪಾಠ ಹೇಳೋ ಯಮ ಇದ್ದಾನಲ್ಲ, ಅಂಥ ಗುರುವಿನ ಮುಖ ಹೇಡಿಸ್‌ಗೆ ಗ್ರೀಕರು ಕೊಡಲೇ ಇಲ್ಲ. ನಾಯಿ ಮಾತ್ರ ಎರಡು ಕಡೆನೂ ಇದೆ, ಯಮನಿಗೆ ನಾಲ್ಕು ಕಣ್ಣಿನ ಎರಡು ನಾಯಿ, ಇವನಿಗೆ ಸೆರ್ಬೆರಸ್. ಅವುಗಳ ಹೆಸರಿಗೂ ಮೂಲ ಒಂದೇ ಅಂತ ಹಿಂದೆ ಹೇಳ್ತಿದ್ರು, ಈಗ ಭಾಷಾವಿಜ್ಞಾನಿಗಳಲ್ಲಿ ಅನೇಕರು ಒಪ್ಪಲ್ಲ.

ಹೋಲಿಕೆ ಬೇಕೇ ಬೇಕು ಅಂದ್ರೆ ನಾನು ಬೇರೆ ಕಡೆ ತೋರಿಸ್ತೀನಿ. ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅನ್ನೋದು, ದೀಪ ಆರಿಸು ಅನ್ನದೆ ಶಾಂತ ಮಾಡು ಅನ್ನೋದು, ಹೋಗ್ತೀನಿ ಅನ್ನದೆ ಬರ್ತೀನಿ ಅನ್ನೋದು ನಮ್ಮ ಅಜ್ಜಿಯಂದಿರಿಗೆ ಎಷ್ಟು ಸಹಜ ಆಗಿತ್ತೋ, ಗ್ರೀಕರು ಹೇಡಿಸ್ ಹೆಸರಿನ ವಿಷಯದಲ್ಲಿ ಹಂಗೇ ಇದ್ರು. ಹೇಡಿಸ್ ಅಂದ್ರೆ 'ಕಾಣದವನು' ಅಂತ ಅವರೇ ಅರ್ಥ ಮಾಡ್ಕೊಂಡಿದ್ರು, ಆ ಹೆಸರು ಬಾಯಿಗೆ ಬರಬಾರದು ಅಂತ ಪ್ಲೂಟೋನ್, ಅಂದ್ರೆ ಸಿರಿವಂತ, ಅಂತಿದ್ರು, ಬೆಳೆ, ಲೋಹ ಎಲ್ಲಾ ನೆಲದಡಿಯಿಂದಾನೇ ಬರೋದಲ್ವಾ. ಜನ ಹೆದರಿಕೆಗೇ ಹೀಗೆ ಕರೀತಾರೆ ಅಂತ ಪ್ಲೇಟೋನೇ ಬರೆದಿದ್ದಾನೆ. ಸ್ತೋತ್ರದಲ್ಲಿ 'ಬಹಳ ಜನರನ್ನ ಬರಮಾಡ್ಕೊಳ್ಳೋನು' ಅಂತ ಇನ್ನೊಂದು ಹೆಸರಿದೆ, ಎಷ್ಟು ಮರ್ಯಾದೆ, ಎಷ್ಟು ಭಯ ಎರಡೂ ಸೇರಿದೆ ನೋಡಿ. ಅವನನ್ನ ಕೂಗಬೇಕು ಅಂದ್ರೆ ಆಕಾಶಕ್ಕೆ ಕೈ ಎತ್ತದೆ ನೆಲಕ್ಕೆ ಕೈ ಬಡೀತಿದ್ರು. ಗುಡಿಗಳು ಇಲ್ಲ ಅನ್ನೋಷ್ಟು ಕಮ್ಮಿ. ಕ್ರಿ.ಶ. 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿ ಬರೆದ ಪೌಸಾನಿಯಸ್, ತನಗೆ ಗೊತ್ತಿದ್ದ ಹಾಗೆ ಹೇಡಿಸ್‌ನ ಪೂಜೆ ಮಾಡೋರು ಎಲಿಸ್ ಊರಿನವರು ಮಾತ್ರ ಅಂತಾನೆ. ಅಲ್ಲಿನ ಗುಡಿ ಬಾಗಿಲು ವರ್ಷಕ್ಕೊಂದೇ ಸಲ ತೆಗೀತಿದ್ರು, ಆಗ್ಲೂ ಪೂಜಾರಿ ಬಿಟ್ಟು ಬೇರೆಯವರು ಒಳಗೆ ಹೋಗೋ ಹಾಗಿರಲಿಲ್ಲ.

'ಗ್ರೀಕ್ ದೇವರಲ್ಲಿ ಹೆಂಡತಿಗೆ ನಿಷ್ಠೆಯಾಗಿದ್ದೋನು ಹೇಡಿಸ್ ಒಬ್ಬನೇ' ಅಂತಾನೂ ಮಗಳು ಹೇಳಿರಬಹುದು, ಅದೂ ಎಲ್ಲಾ ಕಡೆ ಓಡಾಡ್ತಿರೋ ಮಾತು. ಆದ್ರೆ ಭೂಗೋಳ ಬರೆದ ಸ್ಟ್ರಾಬೋ ಮಿಂಥೆ ಅನ್ನೋಳು ಅವನ ಉಪಪತ್ನಿ ಆಗಿದ್ಲು, ಪರ್ಸೆಫನಿ ಅವಳನ್ನ ತುಳಿದಳು, ಅವಳು ಪುದೀನ ಗಿಡ ಆದ್ಲು ಅಂತ ಹೇಳ್ತಾನೆ. ಉಳಿದವರಿಗಿಂತ ಕಮ್ಮಿ, ಅಷ್ಟು ಹೇಳಬಹುದು.

ಕಲೇಲಿ ಹೇಡಿಸ್‌ನ ಹುಡುಕಿದ್ರೆ ಹೆಸರಿನ ಭಯಾನೇ ಅಲ್ಲೂ ಕಾಣ್ತದೆ. ಅಥೆನ್ಸಿನ ಪಾರ್ಥೆನಾನ್ ಗುಡಿಯ ಪೂರ್ವದ ಪಟ್ಟಿಕೇಲಿ ಹನ್ನೆರಡು ದೇವರು ಕೂತಿದ್ದಾರೆ, ಅವನಿಲ್ಲ. ಆದ್ರೆ ಸಿಕ್ಕ ಕಡೆ ಅವನು ಭಯಂಕರ ಆಗಿರಲ್ಲ, ಗಡ್ಡ ಬಿಟ್ಟ ಗಂಭೀರ ಯಜಮಾನ, ಝೂಸ್ ಪಕ್ಕ ನಿಲ್ಲಿಸಿದ್ರೆ ಯಾರು ಯಾರು ಅಂತ ಗುರುತು ಹಿಡಿಯೋದು ಕಷ್ಟ. ಬ್ರಿಟಿಷ್ ಮ್ಯೂಸಿಯಮ್ಮಲ್ಲಿ ಕ್ರಿ.ಪೂ. 430ರ ಹೊತ್ತಿನ ಒಂದು ವೈನ್ ಬಟ್ಟಲಿದೆ, ಅದರಲ್ಲಿ ಅವನು ಕೈಲಿ ಸಮೃದ್ಧಿಯ ಕೊಂಬು ಹಿಡಿದು ಮಂಚದ ಮೇಲೆ ಒರಗಿದ್ದಾನೆ, ಪರ್ಸೆಫನಿ ಮಂಚದ ತುದೀಲಿ ಕೂತಿದ್ದಾಳೆ, ಯಾವುದೋ ಮನೆಯ ಗಂಡ ಹೆಂಡತಿ ಅನ್ನೋ ಹಾಗೆ. ದಕ್ಷಿಣ ಇಟಲಿಯ ಲೋಕ್ರಿ ಊರಲ್ಲಿ ಪರ್ಸೆಫನಿ ಮದುವೆಯ ದೇವತೆ, ಅಲ್ಲಿ ಸಿಕ್ಕ ಕ್ರಿ.ಪೂ. 5ನೇ ಶತಮಾನದ ಮಣ್ಣಿನ ಹಲಗೆಗಳಲ್ಲಿ ಇಬ್ಬರೂ ಅಕ್ಕಪಕ್ಕ ಸಿಂಹಾಸನದಲ್ಲಿದ್ದಾರೆ, ಕೈಲಿ ತೆನೆ, ಹುಂಜ. ಅದೇ ಹಲಗೆಗಳಲ್ಲಿ ಕೆಲವದರಲ್ಲಿ ಹುಡುಗಿಯನ್ನ ರಥಕ್ಕೆ ಎತ್ತಿ ಹಾಕ್ಕೊಳ್ಳೋ ಚಿತ್ರ. ಎರಡನ್ನೂ ಒಂದೇ ಗುಡೀಲಿ ಒಪ್ಪಿಸ್ತಿದ್ರು, ಒಂದನ್ನ ಇಟ್ಕೊಂಡು ಇನ್ನೊಂದನ್ನ ಅಳಿಸಲಿಲ್ಲ. ನಿಮ್ಮ ಮಗಳಿಗೆ ಇಷ್ಟ ಆಗೋ ರಾಣಿ ಪರ್ಸೆಫನಿ ಸುಳ್ಳಲ್ಲ, ಆ ರಾಣಿಯ ಹಿಂದೆ ಕಿರುಚಿದ ಹುಡುಗೀನೂ ಇದ್ಲು ಅನ್ನೋದನ್ನ ಲೋಕ್ರಿಯ ಹೆಂಗಸರು ಮರೆತಿರಲಿಲ್ಲ, ಅಷ್ಟೇ.

ಸಿಸಿಲಿಯ ಮಾರ್ಗಂಟಿನಾದಲ್ಲಿ ಸಿಕ್ಕಿದ ಸುಟ್ಟ ಮಣ್ಣಿನ ಹೇಡಿಸ್ ತಲೆಯ ಕಥೇನೇ ಒಂದು ದೊಡ್ಡ ಕಥೆ. ಕೆಂಪು ಕೂದಲು, ನೀಲಿ ಬಣ್ಣದ ಗುಂಗುರು ಗಡ್ಡ, ಬಣ್ಣ ಇನ್ನೂ ಉಳಿದಿದೆ. ಅದನ್ನ ಕದ್ದು ಅಗೆದು ಸಾಗಿಸಿದ್ರು, 1985ರಲ್ಲಿ ಅಮೆರಿಕದ ಗೆಟ್ಟಿ ಮ್ಯೂಸಿಯಂ ಕೊಂಡ್ಕೊಂಡಿತ್ತು. ಆಮೇಲೆ ಮಾರ್ಗಂಟಿನಾದ ಡಿಮೀಟರ್-ಪರ್ಸೆಫನಿ ಪೂಜಾಸ್ಥಳದಲ್ಲಿ ಸಿಕ್ಕಿದ್ದ ನೀಲಿ ಗುಂಗುರಿನ ಚೂರುಗಳು ಈ ಗಡ್ಡಕ್ಕೆ ಹೊಂದಿಕೊಂಡ್ವು, 2016ರಲ್ಲಿ ತಲೆ ವಾಪಸ್ ಸಿಸಿಲಿಗೆ ಬಂತು, ಈಗ ಅಯ್ದೋನೆ ಊರಿನ ಮ್ಯೂಸಿಯಮ್ಮಲ್ಲಿದೆ. ಇವನ ಮುಖ ನೋಡಿ, ಕ್ರೂರತನ ಒಂಚೂರೂ ಇಲ್ಲ.

ಆದ್ರೆ ಒಂದೇ ಒಂದು ಚಿತ್ರ ನೋಡಬೇಕು ಅಂದ್ರೆ ಉತ್ತರ ಗ್ರೀಸಿನ ವರ್ಗಿನಾಗೆ ಹೋಗ್ತೀನಿ ನಾನು. 1977ರಲ್ಲಿ ಮನೋಲಿಸ್ ಆಂಡ್ರೊನಿಕೋಸ್ ಅಲ್ಲಿನ ದೊಡ್ಡ ಮಣ್ಣುದಿಬ್ಬ ಅಗೆದಾಗ ಸಿಕ್ಕ ಗೋರಿಗಳಲ್ಲಿ ಒಂದನ್ನ ಕಳ್ಳರು ಹಿಂದೇನೇ ಬರಿದು ಮಾಡಿದ್ರು, ಗೋಡೆ ಮೇಲಿನ ಚಿತ್ರ ಮಾತ್ರ ಕದಿಯಕ್ಕಾಗದೆ ಉಳೀತು. ಕ್ರಿ.ಪೂ. 4ನೇ ಶತಮಾನದ್ದು. ಹೇಡಿಸ್ ಒಂದು ಕೈಲಿ ಲಗಾಮು ಹಿಡಿದು ಇನ್ನೊಂದು ಕೈಲಿ ಹುಡುಗೀನ ಸೊಂಟಕ್ಕೆ ಅವುಚಿಕೊಂಡಿದ್ದಾನೆ,ಅವಳ ಎರಡು ಕೈಯೂ ಹಿಂದಕ್ಕೆ, ರಥದ ಹೊರಕ್ಕೆ ಚಾಚಿವೆ, ಕೂದಲು ಗಾಳೀಲಿ, ಕೆಳಗೆ ಗೆಳತಿಯೊಬ್ಬಳು ಹೆದರಿ ಮುದುರಿ ಕೂತಿದ್ದಾಳೆ. ಪಕ್ಕದ ಗೋಡೇಲಿ ಒಬ್ಬಳೇ ಹೆಂಗಸು, ಬಂಡೆ ಮೇಲೆ ಸೆರಗು ಹೊದ್ದು ಕೂತಿದ್ದಾಳೆ. ಡಿಮೀಟರ್. ಎರಡು ಗೋಡೆ ಸೇರೋ ಮೂಲೆಯೇ ತಾಯಿ ಮಗಳ ನಡುವಿನ ದೂರ. ಬರ್ನಿನಿ 1621-22ರಲ್ಲಿ ಕೆತ್ತಿದ ಅಮೃತಶಿಲೆಯ ಮೂರ್ತಿ ಇದಕ್ಕಿಂತ ಸಾವಿರ ಪಾಲು ಪ್ರಸಿದ್ಧ, ರೋಮಿನ ಬೊರ್ಗೀಸ್ ಗ್ಯಾಲರೀಲಿದೆ, ಹೇಡಿಸ್ ಬೆರಳು ಅವಳ ತೊಡೆಗೆ ಒತ್ತಿರೋದು, ಕೆನ್ನೆ ಮೇಲಿನ ಕಣ್ಣೀರು, ಎಲ್ಲಾ ಇದೆ, ಕೆತ್ತಿದವನಿಗೆ ಆಗ 23ರ ಆಸುಪಾಸು. ಅದ್ಭುತ ಕೆಲಸ. ಆದ್ರೆ ಅಲ್ಲಿ ಅಮ್ಮ ಇಲ್ಲ.

ಹಂಗಾದ್ರೆ ಇವನು ಸೈತಾನ್ ಆಗಿದ್ದು ಯಾವಾಗ? ಯಹೂದಿಗಳ ಧರ್ಮಗ್ರಂಥ ಗ್ರೀಕ್ ಭಾಷೆಗೆ ಬಂದಾಗ, ಸತ್ತವರ ಜಾಗಕ್ಕೆ ಹೀಬ್ರೂನಲ್ಲಿದ್ದ ಶಿಯೋಲ್ ಅನ್ನೋ ಪದಕ್ಕೆ ಹೇಡಿಸ್ ಅಂತ ಹಾಕಿದ್ರು, ಹೊಸ ಒಡಂಬಡಿಕೇನೂ ಅದೇ ಪದ ಇಟ್ಕೊಂಡಿತು. ಬೈಜಾಂಟೈನ್ ಚರ್ಚುಗಳ ಗೋಡೇಲಿ ಕ್ರಿಸ್ತ ಪಾತಾಳದ ಬಾಗಿಲು ಮುರಿದು ಒಳಗೆ ಬರೋ ಚಿತ್ರ ಇರ್ತದೆ, ಇಸ್ತಾಂಬುಲ್‌ನಲ್ಲಿ ಹಿಂದೆ ಕೋರಾ ಚರ್ಚ್ ಆಗಿದ್ದು ಈಗ ಮಸೀದಿಯಾಗಿರೋ ಕಟ್ಟಡದ್ದು ಬಹಳ ಚಂದ, ಅಲ್ಲಿ ಕ್ರಿಸ್ತನ ಕಾಲ ಕೆಳಗೆ ಮುರಿದ ಬೀಗ, ಕೀಲಿ, ಅದರ ಮಧ್ಯೆ ಕೈಕಾಲು ಕಟ್ಟಿ ಕೆಡವಿದ ಒಬ್ಬ. ಅವನು ಹೇಡಿಸ್ ಅನ್ನಿ, ಸೈತಾನ್ ಅನ್ನಿ, ಅಷ್ಟೊತ್ತಿಗೆ ಎರಡೂ ಕಲಸಿಹೋಗಿತ್ತು. ಇಟಲಿಯ ಕವಿ ದಾಂತೆ ತನ್ನ ಕಾವ್ಯದ ನರಕದಲ್ಲಿ ದುರಾಸೆಯವರ ಕಾವಲಿಗೆ ಪ್ಲೂಟೋನ ನಿಲ್ಲಿಸಿ ಅವನ ಬಾಯಲ್ಲಿ ಸೈತಾನನ ಹೆಸರೇ ಕೂಗಿಸ್ತಾನೆ. 1997ರ ಡಿಸ್ನಿ ಸಿನಿಮಾ ಈ ಸಾಲಿನಲ್ಲಿ ಬಂದಿದ್ದು, ಸಿನಿಮಾಕ್ಕೊಬ್ಬ ವಿಲನ್ ಬೇಕಿತ್ತು, ಹಳೇ ಕಥೇಲಿ ಹೆರಾಕ್ಲಿಸ್‌ನ, ಅಂದ್ರೆ ಹರ್ಕ್ಯುಲಿಸ್‌ನ, ಗೋಳು ಹೊಯ್ಕೊಂಡೋಳು ಝೂಸ್ ಹೆಂಡತಿ ಹೀರಾ, ಹಾವು ಕಳಿಸಿದ್ದೂ ಅವಳೇ, ಅದನ್ನೆಲ್ಲ ಎತ್ತಿ ಹೇಡಿಸ್ ತಲೆಗೆ ಕಟ್ಟಿದ್ರು. ಹಳೇ ಕಥೇಲಿ ಬಾಣ ಹೊಡೆದೋನು ಹೆರಾಕ್ಲಿಸ್, ಗಾಯ ಆಗಿದ್ದು ಹೇಡಿಸ್‌ಗೆ. ಸೆರ್ಬೆರಸ್ ಬೇಕು ಅಂತ ಅವನು ಕೇಳಕ್ಕೆ ಬಂದಾಗಲೂ ಹೇಡಿಸ್, ಆಯುಧ ಇಲ್ಲದೆ ಹಿಡಿಯೋದಾದ್ರೆ ಕರ್ಕೊಂಡ್ಹೋಗು ಅಂದ ಅಷ್ಟೇ.

ಮಗ ಆಡೋ ಗೇಮ್ ಬಗ್ಗೆ ನಂಗೆ ಮೆಚ್ಚುಗೆ ಇದೆ, ಅವನಿಗೆ ಹೇಳಿ. 2020ರಲ್ಲಿ ಪೂರ್ತಿಯಾಗಿ ಬಂದ ಆ ಗೇಮಲ್ಲಿ ಹೀರೋ ಹೇಡಿಸ್‌ನ ಮಗ ಜಾಗ್ರಿಯಸ್. ಆ ಹೆಸರು ಎಲ್ಲಿಂದಲೋ ತಂದಿದ್ದಲ್ಲ, ಈಸ್ಕಿಲಸ್ ಬರೆದ, ಈಗ ಕಳೆದುಹೋಗಿರೋ ನಾಟಕದ ಒಂದು ಚೂರಲ್ಲಿ ಜಾಗ್ರಿಯಸ್ ಹೇಡಿಸ್ ಮಗ ಅನ್ನೋ ಹಾಗಿದೆ. ಅಲ್ಲಿ ಮಗ ಸಾಯ್ತಾ ಸಾಯ್ತಾ ಮತ್ತೆ ಮತ್ತೆ ಮನೆಯಿಂದ ತಪ್ಪಿಸ್ಕೊಂಡು ಓಡೋದು ಅಮ್ಮ ಪರ್ಸೆಫನಿಯನ್ನ ಹುಡುಕಕ್ಕೆ. ಮೇಲೆ ಡಿಮೀಟರ್ ಮಗಳು ಎಲ್ಲಿದ್ದಾಳೆ ಅಂತ ಗೊತ್ತಿಲ್ಲದೆ ಲೋಕಕ್ಕೆಲ್ಲ ಹಿಮ ಸುರಿಸಿ ಕೂತಿದ್ದಾಳೆ. ಕಥೆ ಹೊಸದು, ಪಾತ್ರಗಳ ಜಾಗ ಬದಲಾಗಿದೆ, ಆದ್ರೂ ಕಳ್ಕೊಂಡೋರ ಹುಡುಕಾಟ ಮಧ್ಯದಲ್ಲೇ ಉಳಿದಿದೆ. ನಂಗೆ ಬೇಜಾರಾಗೋದು ಪ್ರೇಮಕಥೆಯಾಗಿ ಹೇಳೋ ಬಹಳಷ್ಟು ಕಡೆ ಡಿಮೀಟರ್‌ಗೆ ಏನು ಮಾಡ್ತಾರೆ ಅನ್ನೋದಕ್ಕೆ. ಹೇಡಿಸ್ ಒಳ್ಳೆಯವನಾಗಬೇಕು ಅಂದ್ರೆ ಹುಡುಗಿಗೆ ಓಡಿಹೋಗಕ್ಕೆ ಒಂದು ಕಾರಣ ಬೇಕಲ್ಲ, ಅಮ್ಮನ್ನೇ ಕಾರಣ ಮಾಡ್ತಾರೆ, ಮಗಳನ್ನ ಕೂಡಿಹಾಕೋಳು, ಅನುಮಾನದೋಳು, ಉಸಿರುಗಟ್ಟಿಸೋಳು. ಲೋಕಾನೇ ನಿಲ್ಲಿಸಿ ಮಗಳನ್ನ ವಾಪಸ್ ತಂದ ತಾಯೀನ ಮಗಳ ಮೊದಲ ಜೈಲರ್ ಮಾಡ್ಬಿಡ್ತಾರೆ. ಹೊಸ ಕಥೆ ಬರೆಯೋ ಹಕ್ಕು ಎಲ್ಲರಿಗೂ ಇದೆ, ಓವಿಡ್ ಕೂಡ ಬದಲಾಯಿಸ್ದ, ಗ್ರೀಕರಲ್ಲಿ ಊರಿಗೊಂದು ಕಥೆ ಇತ್ತು. ಆದ್ರೆ ಈ ಬದಲಾವಣೆ ನಂಗೆ ಒಪ್ಪಿಗೆಯಿಲ್ಲ, ಅಷ್ಟು ನೇರವಾಗಿ ಹೇಳ್ತೀನಿ.

ಯಾಕಂದ್ರೆ ಗ್ರೀಕರು ಈ ಕಥೆ ಮೇಲೆ ಕಟ್ಟಿದ್ದು ಹೇಡಿಸ್ ಪೂಜೆ ಅಲ್ಲ, ತಾಯಿ ಮಗಳ ಪೂಜೆ. ಅಥೆನ್ಸಿಂದ ಸುಮಾರು 20 ಕಿಲೋಮೀಟರ್ ದೂರದ ಎಲ್ಯೂಸಿಸ್‌ಗೆ ಪ್ರತಿ ವರ್ಷ ಅಲ್ಲಿನ ಮಳೆಗಾಲಕ್ಕೆ ಮುಂಚೆ, ಸೆಪ್ಟೆಂಬರ್ ಹೊತ್ತಿಗೆ, ಜನ ಮೆರವಣಿಗೇಲಿ ನಡ್ಕೊಂಡು ಹೋಗ್ತಿದ್ರು. ಗಂಡಸರು, ಹೆಂಗಸರು, ಗುಲಾಮರು ಕೂಡ, ಗ್ರೀಕ್ ಮಾತು ಬಂದ್ರೆ ಸಾಕು, ಕೈಗೆ ಕೊಲೆಯ ರಕ್ತ ಅಂಟಿರಬಾರದು. ಉಪವಾಸ ಇದ್ದು ಡಿಮೀಟರ್ ಕುಡಿದ ಅದೇ ಜವೆಗೋಧಿ ಪಾನಕ ಕುಡೀತಿದ್ರು, ರಾತ್ರಿ ದೊಡ್ಡ ಮಂಟಪದ ಒಳಗೆ ಏನೋ ನೋಡ್ತಿದ್ರು. ಏನು ಅಂತ ಹೊರಗೆ ಹೇಳಿದ್ರೆ ಮರಣದಂಡನೆ, ಸಾವಿರ ವರ್ಷದ ಹತ್ತಿರ ಆ ಗುಟ್ಟು ಬಯಲಾಗಲಿಲ್ಲ. ಒಳಗೆ ಹೋಗಿ ಬಂದ ರೋಮಿನ ಸಿಸೆರೋ ಬರೆದದ್ದು ಇಷ್ಟೇ, ಸಂತೋಷದಿಂದ ಬದುಕಕ್ಕೆ, ಒಳ್ಳೇ ಭರವಸೆ ಇಟ್ಕೊಂಡು ಸಾಯಕ್ಕೆ ಅಲ್ಲಿ ಕಲಿತ್ವಿ ಅಂತ. ಕ್ರಿ.ಶ. 392ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಹಳೇ ಪೂಜೆಗಳನ್ನ ನಿಷೇಧ ಮಾಡಿದ, ನಾಲ್ಕು ವರ್ಷಕ್ಕೆ ಅಲಾರಿಕ್‌ನ ಗಾಥ್ ಸೈನ್ಯ ಎಲ್ಯೂಸಿಸ್‌ನ ಹಾಳುಗೆಡವಿತು. ಕಲ್ಲುಗಳು ಇವತ್ತೂ ಇವೆ, ಊರಿನ ಈಗಿನ ಹೆಸರು ಎಲೆಫ್ಸಿನಾ.

ಮಗಳಿಗೆ ಕಾಮಿಕ್ಸ್ ಬಿಡು ಅನ್ನಬೇಡಿ. ಅದನ್ನ ಓದಲಿ, ಜೊತೆಗೆ ಸ್ತೋತ್ರದ ಕೊನೇ ಭಾಗಾನ ನೀವಿಬ್ಬರೂ ಒಟ್ಟಿಗೆ ಓದಿ, ಇಂಗ್ಲಿಷಲ್ಲಿ ಸುಲಭವಾಗಿ ಸಿಗ್ತದೆ, ಅರ್ಧ ಗಂಟೆ ಸಾಕು. ರಥ ಗುಡಿ ಮುಂದೆ ನಿಲ್ತದೆ, ತಾಯಿ ಕಾಡುಗುಡ್ಡ ಇಳಿದು ಓಡೋ ಹುಚ್ಚಿ ಥರ ಓಡಿ ಬರ್ತಾಳೆ, ಮಗಳು ರಥದಿಂದ ಜಿಗಿದು ಓಡ್ತಾಳೆ. ಲೈಡನ್ ಹಸ್ತಪ್ರತಿಯ ಹಾಳೆ ಸರಿಯಾಗಿ ಆ ಜಾಗದಲ್ಲೇ ಹರಿದಿದೆ, ಸಾಲುಗಳೆಲ್ಲ ಅರ್ಧರ್ಧ. ಆ ತುಂಡು ಸಾಲುಗಳ ನಡುವೆ, ಮಗಳನ್ನ ತಬ್ಬಿಕೊಂಡಿರೋ ಹಾಗೇ ಡಿಮೀಟರ್‌ಗೆ ಎದೆ ಧಸಕ್ ಅನ್ನುತ್ತೆ, ಅವಳು ಕೇಳ್ತಾಳೆ: ಮಗಳೇ, ಅಲ್ಲಿ ಕೆಳಗೆ ಏನೂ ತಿನ್ನಲಿಲ್ಲ ತಾನೆ? ಹೇಳು, ಮುಚ್ಚಿಡಬೇಡ.